ನೂರನಲವತ್ತರ ಒಳಗೆ

ಹಾಸ್ಟೆಲ್, ಮೂಡುಬಿದಿರೆ
28 ಆಗಸ್ಟ್ 1999

ಪ್ರೀತಿಯ ಉಪ್ಪನಿಗೆ ಸಜ್ನಾಳ ಸಲಾಂ.

ಪಾಣೆಮಂಗಳೂರಿನ ಮನೆಯಲ್ಲಿ ಕುಳಿತು ಬರೆದರೆ ಅಜ್ಜಿ ಗಟ್ಟಿಯಾಗಿ ಓದಿ ಹೇಳು ಎನ್ನುತ್ತಾರೆ. ಅದಕ್ಕೇ ಹಾಸ್ಟೆಲಿನಿಂದ ಬರೆಯುತ್ತಿದ್ದೇನೆ. ಅಂಗಡಿಯ ಫೋನಿನಲ್ಲಿ ಹೇಳುವ ವಿಷಯವೂ ಇದಲ್ಲ. ಶಾರ್ಜಾದಿಂದ ಫೋನ್ ಬಂತೆಂದರೆ ಸಾಕು, ಅಲ್ಲಿ ಬೆಲ್ಲ ಕೊಳ್ಳಲು ಬಂದವರೂ ನಿಂತು ಕೇಳುತ್ತಾರೆ.

ನಾನು ಎನ್.ಸಿ.ಸಿ. ಸೇರಿದ್ದು ನಿಮಗೆ ಗೊತ್ತು. ಬರುವ ಮೇ ತಿಂಗಳಲ್ಲಿ ಹಿಮಾಚಲದಲ್ಲಿ ಹನ್ನೆರಡು ದಿನದ ಚಾರಣ ಉಂಟು. ಹದಿಮೂರು ಸಾವಿರ ಅಡಿಯವರೆಗೆ ನಡೆಯಬೇಕಂತೆ. ನಾವು ಹನ್ನೊಂದು ಹುಡುಗಿಯರು ಹೆಸರು ಕೊಟ್ಟಿದ್ದೇವೆ, ಆರಿಸುವುದು ಇಬ್ಬರನ್ನು ಮಾತ್ರ. ಫೆಬ್ರವರಿ ಕೊನೆಗೆ ಬೆಳ್ತಂಗಡಿಯ ಗಡಾಯಿಕಲ್ಲು ಎಂಬ ಕೋಟೆಬೆಟ್ಟವನ್ನು ಬೆನ್ನಿನಲ್ಲಿ ಎಂಟು ಕಿಲೋ ಹೊತ್ತು ಹತ್ತಬೇಕು. ಅದೇ ಪರೀಕ್ಷೆ.

ಕಳೆದ ಭಾನುವಾರ ನಮ್ಮ ಸ್ವರ್ಣಲತಾ ಮೇಡಂ ಅಭ್ಯಾಸಕ್ಕೆಂದು ಇಲ್ಲಿನ ಕೊಣಾಜೆ ಕಲ್ಲು ಬೆಟ್ಟಕ್ಕೆ ಕರೆದುಕೊಂಡು ಹೋದರು. ಎಲ್ಲರಿಗಿಂತ ಮುಂದೆ ಓಡಿದೆ. ಅರ್ಧಕ್ಕೆ ತಲುಪುವಾಗ ಕಾಲು ನಡುಗಿ, ಕಣ್ಣು ಕತ್ತಲಾಗಿ, ವಾಂತಿಯಾಗಿ ಕುಳಿತುಬಿಟ್ಟೆ. ಮೇಡಂ ಬೈಯಲಿಲ್ಲ. "ಓಡಲಿಕ್ಕೆ ಗೊತ್ತುಂಟು ನಿನಗೆ, ಹತ್ತಲಿಕ್ಕೆ ಗೊತ್ತಿಲ್ಲ. ಆರು ತಿಂಗಳುಂಟು, ಕಲಿತು ಬಾ" ಎಂದರು.

ಯಾರಿಂದ ಕಲಿಯುವುದು? ಆಸ್ಪತ್ರೆಯಲ್ಲಿ ಜನರನ್ನು ಯಂತ್ರದ ಮೇಲೆ ನಡೆಸಿ ಹೃದಯ ನೋಡುವುದೇ ನಿಮ್ಮ ಕೆಲಸ. ಹೃದಯಕ್ಕೆ ಹತ್ತುವುದನ್ನು ಹೇಗೆ ಕಲಿಸುವುದೆಂದು ನಿಮಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ? ನಿಮ್ಮನ್ನು ಕೇಳು ಎಂದು ಹೇಳಿದ್ದು ಉಮ್ಮ. ಅಜ್ಜಿಗೆ ಇನ್ನೂ ಹೇಳಿಲ್ಲ. ನೀವು ಬೇಡವೆಂದರೆ ಹೇಳುವ ಅಗತ್ಯವೂ ಬರುವುದಿಲ್ಲ.

ನಿಮ್ಮ ಮಗಳು
ಸಜ್ನಾ


ಶಾರ್ಜಾ
14 ಸೆಪ್ಟೆಂಬರ್ 1999

ಮಗಳು ಸಜ್ನಾಳಿಗೆ ಉಪ್ಪ ಮಾಡುವ ಸಲಾಂ.

ಮೊದಲು ಬೇಡವೆಂದೇ ಒಂದು ಪುಟ ಬರೆದೆ. ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿ, ಆಮೇಲೆ ಹರಿದೆ. ಜನ ಏನು ಹೇಳಿಯಾರು ಎಂಬ ಹೆದರಿಕೆ ಅಲ್ಲ. ಕಣ್ಣು ಕತ್ತಲಾಯಿತು ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲು.

ನಿಮಗೆ ಯಾರಿಗೂ ಹೇಳಿರಲಿಲ್ಲ. ಜೂನ್‌ನಲ್ಲಿ ಮೂವತ್ತೆಂಟು ವರ್ಷದ ಒಬ್ಬ ಮಲಯಾಳಿ ಪರೀಕ್ಷೆಗೆ ಬಂದ. ಯಂತ್ರದ ಮೇಲೆ ನಡೆಯುತ್ತ, ಫುಟ್ಬಾಲ್ ಬಗ್ಗೆ ನನ್ನ ಹತ್ತಿರ ಮಾತಾಡುತ್ತಿದ್ದ. ಆರನೆಯ ನಿಮಿಷ ಒಂದು ಮಾತಿನ ಅರ್ಧದಲ್ಲಿ ಕುಸಿದ. ಅವನ ತೋಳು ನನ್ನ ಕೈಯಲ್ಲಿತ್ತು. ಡಾಕ್ಟರರು ಓಡಿ ಬಂದರು, ಏನೆಲ್ಲ ಮಾಡಿದರು, ಉಳಿಯಲಿಲ್ಲ. ಆ ದಿನದಿಂದ ಯಾರು ಯಂತ್ರ ಹತ್ತಿದರೂ ನನ್ನ ಅಂಗೈ ಬೆವರುತ್ತದೆ. ಹದಿನೇಳು ವರ್ಷದ ಕೆಲಸ ಇದು, ಆದರೂ.

ಆದರೆ ಬೇಡವೆಂದರೆ ನೀನು ನಿಲ್ಲುವವಳಲ್ಲ. ನನಗೆ ತಿಳಿಯದಂತೆ ಓಡುತ್ತೀಯ. ಅದಕ್ಕಿಂತ ತಿಳಿದೇ ನಡೆಯುವುದು ವಾಸಿ.

ಇಲ್ಲಿರುವ ಅಝೀಮ್ ಮಾಮ ನಾಲ್ಕು ತಿಂಗಳ ರಜೆಯಲ್ಲಿ ಊರಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಒಂದು ಗಡಿಯಾರ ಮತ್ತು ಎದೆಗೆ ಕಟ್ಟುವ ಪಟ್ಟಿ ಕಳುಹಿಸಿದ್ದೇನೆ. ಪಟ್ಟಿಯನ್ನು ಒದ್ದೆ ಮಾಡಿ ಎದೆಯ ಕೆಳಗೆ ಕಟ್ಟಿದರೆ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆಂದು ಗಡಿಯಾರ ತೋರಿಸುತ್ತದೆ. ಇನ್ನೂರಿಪ್ಪತ್ತರಿಂದ ನಿನ್ನ ವಯಸ್ಸು ಕಳೆ. ಇನ್ನೂರ ಒಂದು ಬಂತಲ್ಲ, ಹೆಚ್ಚುಕಡಿಮೆ ಅದು ನಿನ್ನ ಹೃದಯದ ಮೇಲಿನ ಮಿತಿ. ಅದರ ಕೆಳಗೆ ಐದು ಹಂತ. ನೂರಿಪ್ಪತ್ತರ ಒಳಗೆ ಸುಮ್ಮನೆ ಅಡ್ಡಾಡುವುದು. ನೂರಿಪ್ಪತ್ತರಿಂದ ನೂರನಲವತ್ತು ಎರಡನೆಯ ಹಂತ. ಅಲ್ಲಿಂದ ಇಪ್ಪತ್ತಿಪ್ಪತ್ತು ಏರಿದ ಹಾಗೆ ಮೂರು, ನಾಲ್ಕು, ಐದು. ಕೊಣಾಜೆ ಕಲ್ಲಿನಲ್ಲಿ ನೀನು ಐದಕ್ಕೆ ಹೋಗಿ ಬಿದ್ದದ್ದು.

ನೀನು ಎರಡನೆಯದರಲ್ಲೇ ಇರಬೇಕು. ವಾರಕ್ಕೆ ಐದು ದಿನ, ಮುಕ್ಕಾಲು ಗಂಟೆ. ನಡೆಯುತ್ತ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ನೂರನಲವತ್ತು ದಾಟಿತೋ, ನಿಧಾನ ಮಾಡು. ಏರಿನಲ್ಲಿ ನಿಲ್ಲಬೇಕಾದರೆ ನಿಲ್ಲು. ತಿಂಗಳು ಕಳೆದ ಮೇಲೆ ಅದೇ ಬಡಿತದಲ್ಲಿ ಹೆಚ್ಚು ದೂರ ಹೋಗುತ್ತೀಯ. ಹೃದಯ ಕಲಿಯುವುದು ಹಾಗೆ. ಎಂಟು ವಾರದ ಮೇಲೆ ವಾರಕ್ಕೊಂದು ದಿನ ಮೂರನೆಯ ಹಂತ ನೋಡುವ.

ಐದೈದು ನಿಮಿಷಕ್ಕೊಮ್ಮೆ ಸಂಖ್ಯೆ ಬರೆದಿಟ್ಟು ನನಗೆ ಕಳುಹಿಸು. ಒಂದನ್ನೂ ಮುಚ್ಚಿಡಬೇಡ.

ಉಮ್ಮನಿಗೆ, ಅಜ್ಜಿಗೆ ಸಲಾಂ ಹೇಳು.

ಉಪ್ಪ
ಯಾಕೂಬ್


ಮೂಡುಬಿದಿರೆ
31 ಅಕ್ಟೋಬರ್ 1999

ಪ್ರೀತಿಯ ಉಪ್ಪ,

ಗಡಿಯಾರ ತಲುಪಿ ಐದು ವಾರವಾಯಿತು. ಲೆಕ್ಕದ ಹಾಳೆ ಜೊತೆಗಿದೆ.

ಮೊದಲ ವಾರ ನಾಚಿಕೆಯಿಂದ ಸಾಯುವಂತಾಯಿತು. ನೂರನಲವತ್ತರ ಒಳಗೆ ಇರಬೇಕಾದರೆ ಸಣ್ಣ ಏರಿನಲ್ಲೂ ಆಮೆಯ ಹಾಗೆ ಹೋಗಬೇಕು. ಪುತ್ತಿಗೆ ರಸ್ತೆಯಲ್ಲಿ ಹಾಲಿನ ಕ್ಯಾನು ಹಿಡಿದುಕೊಂಡು ಹೋಗುವ ಚಿನ್ನಯ್ಯ ಎಂಬ ಅಜ್ಜ ದಿನವೂ ನನ್ನನ್ನು ಹಿಂದೆ ಹಾಕುತ್ತಿದ್ದರು. ಮೂರನೆಯ ದಿನ ನಿಂತು, ಹುಷಾರಿಲ್ಲವಾ ಎಂದು ಕೇಳಿದರು. ಜೊತೆಯ ಹುಡುಗಿಯರು ಓಡುತ್ತಾರೆ, ನಾನು ಗಡಿಯಾರ ನೋಡುತ್ತ ತೆವಳುತ್ತೇನೆ.

ಆದರೆ ನೀವು ಹೇಳಿದ ಹಾಗೇ ಆಯಿತು. ಆಗ ಐವತ್ತೆರಡು ನಿಮಿಷ ಬೇಕಾಗುತ್ತಿದ್ದ ದಾರಿಗೆ ಈಗ ಅದೇ ಬಡಿತದಲ್ಲಿ ನಲವತ್ತನಾಲ್ಕು ನಿಮಿಷ ಸಾಕು. ಬೆಳಿಗ್ಗೆ ಏಳುವ ಮೊದಲು ಎಣಿಸಿದರೆ ಎಪ್ಪತ್ತೆಂಟು ಇದ್ದದ್ದು ಎಪ್ಪತ್ತಕ್ಕೆ ಇಳಿದಿದೆ. ಚಿನ್ನಯ್ಯಜ್ಜ ಈಗ ನನ್ನ ಹಿಂದೆ.

ಶನಿವಾರ ಮನೆಗೆ ಹೋದಾಗ ಹೊಳೆಯ ಸೇತುವೆಯ ಮೇಲೆ ನಡೆಯುತ್ತೇನೆ. ಉಮ್ಮ ಬೀಡಿ ಕಟ್ಟುತ್ತ ಕುಳಿತವರು, ಬಂದ ಮೇಲೆ ಒಂದೊಂದೇ ಸಂಖ್ಯೆ ಕೇಳುತ್ತಾರೆ. ನೂರಮೂವತ್ತು ಎಂದರೆ ಹೆಚ್ಚೋ ಕಡಿಮೆಯೋ ಎನ್ನುತ್ತಾರೆ. ಉಮ್ಮನಿಗೆ ಇದರಲ್ಲಿ ಇಷ್ಟು ಆಸಕ್ತಿ ಇರುತ್ತದೆಂದು ನಾನು ಎಣಿಸಿರಲಿಲ್ಲ. ಅಜ್ಜಿಗೆ ಹೇಳಿಯಾಯಿತು. ನೀವು ಒಪ್ಪಿದ್ದೀರಿ ಎಂದ ಮೇಲೆ ಅವರು ಹೆಚ್ಚೇನೂ ಮಾತಾಡಲಿಲ್ಲ.

ಸಜ್ನಾ


ಪಾಣೆಮಂಗಳೂರು
5 ಡಿಸೆಂಬರ್ 1999

ಪ್ರೀತಿಯ ಉಪ್ಪ,

ಅವಸರದಲ್ಲಿ ಬರೆಯುತ್ತಿದ್ದೇನೆ. ಮೂಡುಬಿದಿರೆಯ ಲೆಕ್ಕ ಸರಿಯಾಗಿದೆ. ಆದರೆ ಕಳೆದ ಎರಡು ವಾರ ಇಲ್ಲಿ ಮನೆಯ ಹತ್ತಿರ ಸಂಖ್ಯೆ ಹೀಗೆ ಬರುತ್ತಿದೆ:

ಸುಮ್ಮನೆ ಕುಳಿತಾಗ 104. ಸೇತುವೆಯ ಮೇಲೆ, ಸಮತಟ್ಟಿನಲ್ಲಿ, ಐದನೆಯ ನಿಮಿಷಕ್ಕೆ 146. ಹತ್ತನೆಯ ನಿಮಿಷಕ್ಕೆ 158. ಮೆಲ್ಕಾರಿನ ಏರಿನಲ್ಲಿ 181. ನಿಂತ ಮೇಲೂ ಏಳು ನಿಮಿಷ 150ರ ಕೆಳಗೆ ಇಳಿಯಲಿಲ್ಲ. ಕೆಲವೊಮ್ಮೆ ಸಂಖ್ಯೆ ನೆಗೆಯುತ್ತದೆ. 120, ಕೂಡಲೇ 176, ಮತ್ತೆ 98, ಮತ್ತೆ 165.

ಪಟ್ಟಿ ಚೆನ್ನಾಗಿ ಒದ್ದೆ ಮಾಡಿಯೇ ಕಟ್ಟಿದ್ದು. ಇದು ಗಡಿಯಾರದ ತಪ್ಪೋ ಬೇರೇನಾದರೂ ಆಗಿರಬಹುದೋ? ಬೇಗ ಬರೆಯಿರಿ. ರಂಜಾನ್ ಇನ್ನೇನು ಶುರುವಾಗುತ್ತದೆ.

ಸಜ್ನಾ


ಶಾರ್ಜಾ
16 ಡಿಸೆಂಬರ್ 1999

ಸಜ್ನಾ,

ಈ ಪತ್ರ ಸಿಕ್ಕಿದ ಕ್ಷಣದಿಂದ ನಡಿಗೆ ನಿಲ್ಲಿಸು. ಒಂದು ಹೆಜ್ಜೆಯೂ ಬೇಡ. ಮೆಟ್ಟಿಲು ಬೇಡ. ಉಪವಾಸ ಬೇಡ, ಕಾಯಿಲೆಯವರಿಗೆ ಕಡ್ಡಾಯವಿಲ್ಲ, ಆಮೇಲೆ ತೀರಿಸಬಹುದು.

ಗಡಿಯಾರದ ತಪ್ಪೆಂದು ಎಣಿಸಲು ಒಂದು ಇಡೀ ದಿನ ಪ್ರಯತ್ನಿಸಿದೆ. ಆದರೆ ಮೂಡುಬಿದಿರೆಯಲ್ಲಿ ಸರಿಯಾಗಿ ತೋರಿಸುವ ಗಡಿಯಾರ ಪಾಣೆಮಂಗಳೂರಿನಲ್ಲಿ ತಪ್ಪು ತೋರಿಸುವುದು ಹೇಗೆ? ಹಾಳೆಯನ್ನು ನಮ್ಮ ಡಾಕ್ಟರರ ಮುಂದೆ ಇಟ್ಟೆ. ಅವರು ವಯಸ್ಸು ಕೇಳಿದರು. ಹತ್ತೊಂಬತ್ತು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಯಾರು ಎಂದು ಕೇಳಿದರು. ನನ್ನ ಮಗಳು ಎಂದು ಹೇಳಲು ಬಾಯಿ ಬರಲಿಲ್ಲ. ಊರಿನ ಒಬ್ಬ ಹುಡುಗಿ ಎಂದೆ.

ಅವರು ಕೇಳಿದ್ದನ್ನೇ ಕೇಳುತ್ತೇನೆ, ನಿಜ ಹೇಳು. ಮಲಗಿದರೆ ಉಸಿರು ಕಟ್ಟುತ್ತದೆಯೇ? ಎಷ್ಟು ದಿಂಬು ಇಟ್ಟುಕೊಳ್ಳುತ್ತೀ? ಸಂಜೆಗೆ ಪಾದ ಊದಿಕೊಳ್ಳುತ್ತದೆಯೇ? ಕೆಮ್ಮು ಉಂಟೇ? ಎದೆಯೊಳಗೆ ಹಕ್ಕಿ ಪಟಪಟ ಎಂದ ಹಾಗೆ ಆಗುತ್ತದೆಯೇ?

ಅಝೀಮನಿಗೆ ಫೋನ್ ಮಾಡುತ್ತೇನೆ, ಅವನು ನಿನ್ನನ್ನು ಮಂಗಳೂರಿಗೆ ಕರೆದುಕೊಂಡು ಹೋಗುತ್ತಾನೆ. ಉಮ್ಮನಿಗೆ ಈಗಲೇ ಏನೂ ಹೇಳಬೇಡ. ಅವಳು ಹೆದರಿಬಿಡುತ್ತಾಳೆ.

ತಪ್ಪು ನನ್ನದು. ನಾನು ಬೇಡ ಎಂದು ಬರೆದ ಆ ಪುಟವನ್ನು ಹರಿಯಬಾರದಿತ್ತು.

ಉಪ್ಪ


ಪಾಣೆಮಂಗಳೂರು
2 ಜನವರಿ 2000

ಉಪ್ಪ,

ನೀವು ಕೇಳಿದ ಎಲ್ಲ ಪ್ರಶ್ನೆಗೂ ಉತ್ತರ ಹೌದು. ದಿಂಬು ಮೂರು. ಪಾದ ಊದುತ್ತದೆ. ಹಕ್ಕಿಯ ಮಾತೂ ನಿಜ. ಆದರೆ ಅದು ಯಾವುದೂ ನನ್ನದಲ್ಲ. ಆ ಸಂಖ್ಯೆಗಳು ಉಮ್ಮನವು.

ನವೆಂಬರಿನಲ್ಲಿ ಒಂದು ಭಾನುವಾರ ತಮಾಷೆಗೆಂದು ಉಮ್ಮ ಪಟ್ಟಿ ಕಟ್ಟಿಕೊಂಡರು. ಬೀಡಿ ಎಲೆಯ ಮೊರ ತೊಡೆಯ ಮೇಲಿಟ್ಟು ಕುಳಿತೇ ಇದ್ದರು. ನೂರನಾಲ್ಕು ತೋರಿಸಿತು. ನಾನು ನಕ್ಕು, ಪಟ್ಟಿ ಸಡಿಲ ಎಂದೆ. ಬಿಗಿ ಮಾಡಿದೆ, ಅಷ್ಟೇ ಬಂತು. ಆಮೇಲೆ ಸೇತುವೆಗೆ ಕರೆದುಕೊಂಡು ಹೋದೆ, ಮುಂದಿನ ವಾರ ಮೆಲ್ಕಾರಿಗೆ. ಏರಿನಲ್ಲಿ ಉಮ್ಮ ಗೋಡೆ ಹಿಡಿದು ನಿಂತರು. ತುಟಿ ನೀಲಿಯಾಗಿತ್ತು. ಗಡಿಯಾರ ನೋಡಿದೆ. ನೂರ ಎಂಬತ್ತೊಂದು. ಉಮ್ಮನಿಗೆ ನಲವತ್ತು ವರ್ಷ, ನೀವು ಹೇಳಿದಂತೆ ಕಳೆದರೆ ಅವರ ಮಿತಿಯೇ ನೂರ ಎಂಬತ್ತು.

ಉಮ್ಮ ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿಕೊಂಡು, ಉಪ್ಪನಿಗೆ ಹೇಳಬಾರದು ಎಂದು ಆಣೆ ಹಾಕಿಸಿದರು. ನಿಮ್ಮ ಅಭಿಪ್ರಾಯ ಬೇಕಿತ್ತು, ಆಣೆಯೂ ಉಳಿಯಬೇಕಿತ್ತು. ಅದಕ್ಕೇ ಯಾರದೆಂದು ಬರೆಯದೆ ಸಂಖ್ಯೆ ಮಾತ್ರ ಬರೆದೆ. ನೀವು ನನ್ನದೆಂದು ಎಣಿಸುತ್ತೀರಿ ಎಂದು ಗೊತ್ತೇ ಇತ್ತು. ಕ್ಷಮಿಸಿ.

ನಿಮ್ಮ ಪತ್ರವನ್ನು ಉಮ್ಮನಿಗೆ ಓದಿ ಹೇಳಿದೆ. ಕೇಳಿಸಿಕೊಂಡು ಎದ್ದು, ಅಕ್ಕಿ ತೊಳೆಯಲು ಹೋದರು. ಹಿಂದೆ ಹೋದೆ. "ಇದು ಹೊಸತೇನಲ್ಲ, ನನಗೆ ರೂಢಿ ಉಂಟು. ಅವರಿಗೆ ಗೊತ್ತಾಗುವುದು ಮಾತ್ರ ಬೇಡ" ಎಂದರು. ಉಪವಾಸವನ್ನೂ ಬಿಟ್ಟಿಲ್ಲ, ಬಿಟ್ಟರೆ ಅಜ್ಜಿ ಯಾಕೆಂದು ಕೇಳುತ್ತಾರಲ್ಲ. ಅಝೀಮ್ ಮಾಮ ಬಂದಾಗ, ನಾನು ಹುಷಾರಾಗಿದ್ದೇನೆ ಎಂದು ಹೇಳಿ ಕಳುಹಿಸಿದೆ.

ಈಗ ಆಣೆ ಮುರಿದಿದ್ದೇನೆ. ಹಾಸ್ಟೆಲಿಗೆ ಹೋಗಲು ಧೈರ್ಯವಿಲ್ಲ, ಇಲ್ಲೇ ಇದ್ದೇನೆ. ಉಮ್ಮ ಒಳಗೆ ಕೆಮ್ಮಿದರೆ ಎದ್ದು ಬಾಗಿಲಿಗೆ ಹೋಗುತ್ತೇನೆ. ಅವರಿಗೆ ತಿಳಿಯದಂತೆ ಉಸಿರು ಎಣಿಸುತ್ತೇನೆ. ಏನು ಮಾಡಲಿ, ಹೇಳಿ.

ಸಜ್ನಾ


ಶಾರ್ಜಾ
13 ಜನವರಿ 2000

ಮಗಳೇ,

ನಿನ್ನ ಪತ್ರ ಪೆರ್ನಾಲ್ ಹಬ್ಬ ಕಳೆದು ಎರಡನೆಯ ದಿನ ಸಿಕ್ಕಿತು. ಓದಿದ ಕೂಡಲೇ ಅಂಗಡಿಗೆ ಫೋನ್ ಮಾಡಿ ಉಮ್ಮನನ್ನು ಕರೆಸಿದ್ದು ನಿನಗೆ ಗೊತ್ತು. ಏನು ಮಾತಾಡಿದೆವೆಂದು ಅವಳು ನಿನಗೆ ಹೇಳಿರಲಿಕ್ಕಿಲ್ಲ. ಹೇಳುವಷ್ಟು ಇರಲೂ ಇಲ್ಲ. ನಾಳೆಯೇ ಮಂಗಳೂರಿಗೆ ಹೋಗು ಎಂದೆ. ಹಿಂದಿನಿಂದ ಅಂಗಡಿಯ ತಕ್ಕಡಿಯ ಸದ್ದು ಕೇಳುತ್ತಿತ್ತು. ಆಮೇಲೆ ಆಯಿತು ಎಂದಳು.

ಹದಿನೇಳು ವರ್ಷದಿಂದ ಇತರರ ಹೃದಯ ನೋಡುತ್ತಿದ್ದೇನೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು ಎರಡು ತಿಂಗಳು ಅವಳ ಜೊತೆ ಇರುತ್ತೇನೆ. ಮೂರು ದಿಂಬು ನೋಡಿದ್ದೇನೆ. ಅದು ಅವಳ ಅಭ್ಯಾಸ ಎಂದುಕೊಂಡಿದ್ದೆ.

ಒಂದು ವಿಷಯ ಮಾತ್ರ ಅರ್ಥವಾಗುವುದಿಲ್ಲ. ಕಾಯಿಲೆಗೆ ಹೆದರುವವರನ್ನು ದಿನವೂ ನೋಡುತ್ತೇನೆ. ಅವಳ ಧ್ವನಿಯಲ್ಲಿದ್ದ ಹೆದರಿಕೆ ಅಂಥದ್ದಲ್ಲ. ಅವಳು ನನಗೆ ಹೆದರುತ್ತಿದ್ದಾಳೆ. ನಾನೇನು ಮಾಡಿದ್ದೇನೆ?

ಅವಳಿಗೆ ಬೇರೆ ಪತ್ರ ಬರೆಯಲು ನಾಲ್ಕು ಸಲ ಕುಳಿತೆ, ಆಗಲಿಲ್ಲ. ರಜೆಗೆ ಅರ್ಜಿ ಕೊಟ್ಟಿದ್ದೇನೆ. ಡಾಕ್ಟರರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆ.

ಉಪ್ಪ


ಪಾಣೆಮಂಗಳೂರು
6 ಫೆಬ್ರವರಿ 2000

ಪ್ರೀತಿಯ ಉಪ್ಪ,

ಮಂಗಳೂರಿನಲ್ಲಿ ಉಮ್ಮನ ಇಸಿಜಿ ಆಯಿತು, ಸ್ಕ್ಯಾನ್ ಆಯಿತು. ಹೃದಯದ ಎಡಭಾಗದ ಒಂದು ಕವಾಟ ಅಂಟಿಕೊಂಡು ಸಣ್ಣದಾಗಿದೆಯಂತೆ. ಎರಡು ಬೆರಳು ಹೋಗುವಷ್ಟು ಇರಬೇಕಾದ ದಾರಿ ಪೆನ್ಸಿಲಿನಷ್ಟಾಗಿದೆ ಎಂದು ಡಾಕ್ಟರರು ಕಾಗದದಲ್ಲಿ ಬರೆದು ತೋರಿಸಿದರು. ಅದಕ್ಕೇ ರಕ್ತ ಮುಂದೆ ಹೋಗದೆ ಹೃದಯ ಓಡಿ ಓಡಿ ಬಡಿಯುವುದು. ತೊಡೆಯ ಸಂದಿನಿಂದ ತಂತಿ ಹಾಕಿ, ಕವಾಟದಲ್ಲಿ ಬಲೂನು ಉಬ್ಬಿಸಿ ಬಿಡಿಸುತ್ತಾರೆ. ಅದಕ್ಕೆ ಮೊದಲು ಒಂದೂವರೆ ತಿಂಗಳು ರಕ್ತ ತೆಳುವಾಗುವ ಮಾತ್ರೆ. ಮಾರ್ಚ್ 21ಕ್ಕೆ ದಿನ ಕೊಟ್ಟಿದ್ದಾರೆ. ಅಷ್ಟರೊಳಗೆ ಹೆಪ್ಪುಗಟ್ಟಿದ ರಕ್ತದ ಗರಣೆ ಎಲ್ಲಾದರೂ ಹೊರಟರೆ ಮೈಯ ಒಂದು ಬದಿ ಬೀಳಬಹುದು ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಅದನ್ನು ಉಮ್ಮನಿಗೆ ಹೇಳಿಲ್ಲ.

ಚಿಕ್ಕಂದಿನಲ್ಲಿ ಜ್ವರ ಬಂದು ಗಂಟುಗಳು ಊದಿಕೊಂಡದ್ದು ಉಂಟೇ ಎಂದು ಡಾಕ್ಟರರು ಕೇಳಿದರು. ಉಮ್ಮ ನೆಲ ನೋಡುತ್ತ ಇಲ್ಲ ಎಂದರು. ಡಾಕ್ಟರರು ಇನ್ನೊಮ್ಮೆ ಕೇಳಿದರು. ಆಗಲೂ ಇಲ್ಲ ಎಂದರು.

ನಾನು ಚಾರಣಕ್ಕೆ ಹೋಗುವುದಿಲ್ಲ. ಸ್ವರ್ಣಲತಾ ಮೇಡಂಗೆ ಹೇಳಬೇಕು.

ಸಜ್ನಾ


ಪಾಣೆಮಂಗಳೂರು
29 ಫೆಬ್ರವರಿ 2000

ಪ್ರೀತಿಯ ಉಪ್ಪ,

ಭಾನುವಾರ ಗಡಾಯಿಕಲ್ಲಿಗೆ ಹೋಗಿಬಂದೆ. ಬೇಡವೆಂದವಳನ್ನು ಹೊರಡಿಸಿದ್ದು ಉಮ್ಮ. "ನನ್ನ ದೆಸೆಯಿಂದ ನೀನು ನಿಂತರೆ ನನಗೆ ಅದೂ ಒಂದು ಭಾರ" ಎಂದರು. ಮೇಡಂ ನಮ್ಮ ಮನೆಗೇ ಬಂದು ಅಜ್ಜಿಯ ಹತ್ತಿರ ಮಾತಾಡಿದರು.

ಕೆಳಗಿನ ಕಾಡಿನ ದಾರಿಯಲ್ಲಿ ನೂರಮೂವತ್ತೈದರ ಮೇಲೆ ಹೋಗಲಿಲ್ಲ. ಬೆನ್ನಿನಲ್ಲಿ ಎಂಟು ಕಿಲೋ ಇದ್ದರೂ ಅಷ್ಟೆ. ಓಡಿದವರೆಲ್ಲ ಮೊದಲ ಕೋಟೆ ಬಾಗಿಲಿನಲ್ಲಿ ಕುಳಿತಿದ್ದರು, ನಾನು ಮಾತಾಡುತ್ತಲೇ ದಾಟಿದೆ. ಆಮೇಲೆ ಬಂಡೆಯಲ್ಲಿ ಕಡಿದ ಮೆಟ್ಟಿಲು ಬಂತು. ಒಂದು ಬದಿ ಕಲ್ಲು, ಇನ್ನೊಂದು ಬದಿ ಏನೂ ಇಲ್ಲ. ಅಲ್ಲಿ ನಿಂತು ಕೆಳಗೆ ನೋಡಿದೆ. ಈ ಹೊತ್ತಿಗೆ ಮನೆಯಲ್ಲಿ ಉಮ್ಮ ಬಿದ್ದಿದ್ದರೆ ಎಂಬ ಯೋಚನೆ ಹೊಕ್ಕಿತು. ಉಪ್ಪ, ನಾನು ನಿಂತೇ ಇದ್ದೆ, ಒಂದು ಮೆಟ್ಟಿಲನ್ನೂ ಹತ್ತಲಿಲ್ಲ. ಗಡಿಯಾರ ನೂರ ಎಂಬತ್ತೆಂಟು ತೋರಿಸಿತು. ಬರೇ ಹೆದರಿಕೆಗೆ ಅಷ್ಟು. ಬಂಡೆಗೆ ಅಂಟಿ ಕುಳಿತೆ.

ಮೇಡಂ ಎರಡು ಮೆಟ್ಟಿಲು ಕೆಳಗೆ ನಿಂತರು. ಏಳು ಎನ್ನಲಿಲ್ಲ. ಬಾಯಿಬಿಟ್ಟು ಸಂಖ್ಯೆ ಓದು ಎಂದರು. ಓದಿದೆ. ನೂರ ಎಂಬತ್ತು. ನೂರ ಅರವತ್ತಾರು. ನೂರ ಐವತ್ತು. ಎಷ್ಟು ಹೊತ್ತು ಓದಿದೆನೋ ಗೊತ್ತಿಲ್ಲ. ನೂರಮೂವತ್ತೊಂಬತ್ತು ಎಂದಾಗ, "ಈಗ ಹೋಗುವ" ಎಂದರು.

ತುದಿಯಿಂದ ಕುದುರೆಮುಖದ ಸಾಲು ಕಾಣುತ್ತಿತ್ತು, ನನಗೆ ನೋಡುವ ಮನಸ್ಸಿರಲಿಲ್ಲ. ಇಳಿದು ಬಸ್ಸು ಹಿಡಿದು ಮನೆಗೆ ಬಂದರೆ ಉಮ್ಮ ಬೀಡಿ ಕಟ್ಟುತ್ತ ಕುಳಿತಿದ್ದರು.

ನನ್ನನ್ನು ಆರಿಸಿದ್ದಾರೆ. ಸಂತೋಷ ಆಗುತ್ತಿಲ್ಲ. 21 ಕಳೆಯಲಿ.

ಸಜ್ನಾ


ಪಾಣೆಮಂಗಳೂರು
12 ಮಾರ್ಚ್ 2000

ಸಜ್ನಾಳ ಉಪ್ಪನಿಗೆ ಸೈನಬ ಮಾಡುವ ಸಲಾಂ.

ಏಳನೆಯ ಕ್ಲಾಸು ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆದವಳಲ್ಲ. ತಪ್ಪಿದ್ದರೆ ನೋಡಿಕೊಳ್ಳಿ. ಇದನ್ನು ಸಜ್ನಾಳ ಕೈಯಲ್ಲಿ ಬರೆಸುವಂತಿಲ್ಲ. ಅವಳಿಗೆ ತಿಳಿಯದಂತೆ ನಾನೇ ಡಬ್ಬಿಗೆ ಹಾಕುತ್ತೇನೆ.

ಆ ದಿನ ಡಾಕ್ಟರರಿಗೆ ನಾನು ಸುಳ್ಳು ಹೇಳಿದೆ. ನನಗೆ ಹನ್ನೊಂದು ವರ್ಷವಾದಾಗ ಜ್ವರ ಬಂದು ಮೊಣಕಾಲು, ಮೊಣಕೈ ಎಲ್ಲ ಊದಿತ್ತು. ಹೃದಯಕ್ಕೆ ತಾಗಿದೆ ಎಂದು ಬೆಳ್ತಂಗಡಿಯ ಡಾಕ್ಟರರು ಆಗಲೇ ಹೇಳಿದ್ದರು. ಇಪ್ಪತ್ತೊಂದು ದಿನಕ್ಕೊಮ್ಮೆ ಸೂಜಿ. ಏಳು ವರ್ಷ ತಪ್ಪಿಸದೆ ಹೋಗಿದ್ದೇನೆ. ನಿಮ್ಮ ಮನೆಯಿಂದ ಹೆಣ್ಣು ಕೇಳಿಕೊಂಡು ಬಂದಾಗ ನನ್ನ ತಾಯಿ ಖತೀಜಮ್ಮ ನನ್ನನ್ನು ಒಳಗೆ ಕರೆದು, ಇನ್ನು ಸೂಜಿ ಬೇಡ, ಅದರ ಮಾತೂ ಬೇಡ, ಸೀಕಿನ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದರು. ಆ ತಿಂಗಳು ಸೂಜಿಗೆ ಹೋಗಲಿಲ್ಲ. ಮತ್ತೆ ಯಾವತ್ತೂ ಹೋಗಲಿಲ್ಲ.

ಸಜ್ನಾ ಹುಟ್ಟುವಾಗ ನಾನು ಸತ್ತು ಬದುಕಿದೆ. ಇನ್ನೊಂದಾದರೆ ನೀನು ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ನನ್ನೊಬ್ಬಳಿಗೇ ಹೇಳಿದರು. ನೀವು ರಜೆಯಲ್ಲಿ ಬರುತ್ತೀರೆಂದರೆ ನನಗೆ ಸಂತೋಷಕ್ಕಿಂತ ಹೆಚ್ಚು ಹೆದರಿಕೆ. ನೀವು ಇರುವಾಗ ತಿಂಗಳ ದಿನ ಎಣಿಸುತ್ತಿದ್ದೆ. ಎರಡನೆಯ ಮಗು ಆಗಲಿಲ್ಲವೆಂದು ನಿಮ್ಮ ತಾಯಿ ನನ್ನನ್ನು ದರ್ಗಾಕ್ಕೆ ಕರೆದುಕೊಂಡು ಹೋದರು. ಅಲ್ಲಿ ನಿಂತು ನಾನು ಬೇರೆಯೇ ಬೇಡಿಕೊಂಡೆ. ಆ ಪಾಪವೂ ನನ್ನ ಮೇಲಿದೆ.

ಮೋಸದ ಮದುವೆ ಎಂದು ನೀವು ಬಿಟ್ಟರೆ ಮಗಳನ್ನು ಹಿಡಿದುಕೊಂಡು ಎಲ್ಲಿಗೆ ಹೋಗುವುದು ಎಂಬ ಹೆದರಿಕೆ ಇಪ್ಪತ್ತೊಂದು ವರ್ಷದಿಂದ. ಎದೆ ಹೊಡೆದುಕೊಳ್ಳುವಾಗ ಅದು ಕಾಯಿಲೆಗೋ ಇದಕ್ಕೋ ಎಂದು ನನಗೇ ತಿಳಿಯುತ್ತಿರಲಿಲ್ಲ.

ಬಲೂನು ಹಾಕುವ ಮೇಜಿನಿಂದ ಏಳದಿದ್ದರೆ ಇದು ನನ್ನ ಜೊತೆ ಮಣ್ಣಿಗೆ ಹೋಗಬಾರದು. ನಿಮಗೆ ಅಷ್ಟರೊಳಗೆ ರಜೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ಬರೆದೆ. ನೀವು ಏನು ಮಾಡಿದರೂ ಸರಿ. ಸಜ್ನಾಳನ್ನು ಬೆಟ್ಟಕ್ಕೆ ಹೋಗಲು ಬಿಡಿ.

ಸೈನಬ


ಪಾಣೆಮಂಗಳೂರು
14 ಮೇ 2000

ಮಗಳು ಸಜ್ನಾಳಿಗೆ ಉಪ್ಪನ ಸಲಾಂ.

ನೀನು ತಲುಪಿದ ತಂತಿ ಸಿಕ್ಕಿತು. ಶಿಬಿರದ ವಿಳಾಸಕ್ಕೆ ಈ ಪತ್ರ ಯಾವಾಗ ಬರುತ್ತದೋ ಗೊತ್ತಿಲ್ಲ. ಎತ್ತರದಲ್ಲಿ ಸುಮ್ಮನೆ ಕುಳಿತರೂ ಬಡಿತ ಹೆಚ್ಚಿರುತ್ತದೆ. ತಲೆನೋವು ಬಂದರೆ ಯಾರಿಗೂ ನಾಚದೆ ಹೇಳಿ ಇಳಿದುಬಿಡು.

ನಾನು ಮಾರ್ಚ್ 18ಕ್ಕೆ ಊರಿಗೆ ಬಂದದ್ದು, ಬಲೂನು ಹಾಕಿದ್ದು, ಒಂದೂವರೆ ಗಂಟೆ ನೀನೂ ನಾನೂ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತದ್ದು, ಎಲ್ಲ ನಿನಗೆ ಗೊತ್ತು. ಅದಾದ ಮೇಲೆ ಉಮ್ಮ ಉಸಿರಿನಲ್ಲಿ ಚೇತರಿಸಿಕೊಂಡಳು, ಮನಸ್ಸಿನಲ್ಲಿ ಇಲ್ಲ. ನಾನು ಕೋಣೆಗೆ ಬಂದರೆ ಎದ್ದು ಕೂರುತ್ತಿದ್ದಳು. ಉಣ್ಣಲು ಕುಳಿತರೆ ಅರ್ಧ ಅನ್ನ ಬಿಡುತ್ತಿದ್ದಳು. ಕವಾಟ ಮತ್ತೆ ಕೆಟ್ಟಿತೋ ಎಂದು ನಾನು ಎರಡು ಸಲ ಡಾಕ್ಟರರಲ್ಲಿಗೆ ಕರೆದೊಯ್ದೆ. ನೀನೂ ಕೇಳಿದ್ದೆ, ಉಮ್ಮನಿಗೆ ಏನಾಗಿದೆ ಎಂದು.

ಏನಾಗಿತ್ತೆಂದು ಮೊನ್ನೆ ಗೊತ್ತಾಯಿತು. ಮಾರ್ಚ್ 12ಕ್ಕೆ ಅವಳು ನನಗೊಂದು ಪತ್ರ ಹಾಕಿದ್ದಳು. ಅದು ಶಾರ್ಜಾಕ್ಕೆ ತಲುಪುವಾಗ ನಾನು ಇಲ್ಲಿಗೆ ಹೊರಟಾಗಿತ್ತು. ಕೋಣೆಯಲ್ಲಿದ್ದವರು ತೆಗೆದಿಟ್ಟದ್ದನ್ನು ರಜೆಯಲ್ಲಿ ಊರಿಗೆ ಬಂದ ಒಬ್ಬರು ಕಳೆದ ಸೋಮವಾರ ತಂದುಕೊಟ್ಟರು. ಐವತ್ತು ದಿನ ಅವಳು, ನಾನು ಓದಿ ಸುಮ್ಮನಿದ್ದೇನೆ, ಒಂದು ದಿನ ಬಾಯಿ ಬಿಡುತ್ತೇನೆ ಎಂದು ಕಾದಿದ್ದಾಳೆ. ಅದರಲ್ಲಿ ಇದ್ದದ್ದನ್ನು ನಿನಗೆ ತಿಳಿಸಲು ಅವಳೇ ಹೇಳಿದ್ದಾಳೆ. ಮದುವೆಗೆ ಮೊದಲೇ ಅವಳಿಗೆ ಈ ಕಾಯಿಲೆ ಗೊತ್ತಿತ್ತು. ಮುಚ್ಚಿಟ್ಟು ಮದುವೆ ಮಾಡಿದ್ದರು. ನಿನ್ನ ನಂತರ ಮಗು ಆಗದಂತೆ ಅವಳೇ ನೋಡಿಕೊಂಡಳು. ನಾನು ತಿಳಿದು ಬಿಟ್ಟುಬಿಡುತ್ತೇನೆ ಎಂಬ ಹೆದರಿಕೆಯಲ್ಲೇ ಇಷ್ಟು ವರ್ಷ ಕಳೆದಳು.

ಓದಿ ಹಿತ್ತಿಲಿನಲ್ಲಿ ತುಂಬ ಹೊತ್ತು ನಿಂತಿದ್ದೆ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಇಳಿಯಿತು. ಸಂಜೆ ಅವಳನ್ನು ನಡೆಯಲು ಕರೆದೆ. ಪತ್ರ ಇವತ್ತು ಸಿಕ್ಕಿತು ಎಂದಷ್ಟೇ ಹೇಳಿದೆ. ಅವಳು ತಲೆಯ ಬಟ್ಟೆ ಎಳೆದುಕೊಂಡು ಹೊರಟಳು. ಸೇತುವೆಯವರೆಗೆ ನಡೆದೆವು. ನಡುವೆ ಅವಳೇ ನಿಂತು ಕೇಳಿದಳು, "ಆಗಲೇ ಹೇಳಿದ್ರೆ ಏನು ಮಾಡ್ತಿದ್ರಿ?"

ಒಳ್ಳೆಯ ಮಾತು ಹೇಳಬಹುದಿತ್ತು. ಅವಳು ಅದನ್ನು ನಂಬುತ್ತಿರಲಿಲ್ಲ.

"ಮದುವೆ ಆಗ್ತಿರಲಿಲ್ಲ" ಎಂದೆ. "ನನ್ನಮ್ಮ ಬೇಡ ಅಂತಿದ್ರು, ನಾನೂ ಹೂಂ ಅಂತಿದ್ದೆ. ನನಗಾಗ ಇಪ್ಪತ್ತಮೂರು ವರ್ಷ, ಅಷ್ಟೇ ಬುದ್ಧಿ."

ಅವಳು ಕಂಬಿ ಹಿಡಿದು ನೀರು ನೋಡುತ್ತ ನಿಂತಳು. ಹೇಳಬಾರದಿತ್ತು ಎನಿಸಿತು. ಒಂದು ಲಾರಿ ಹೋಗಿ ಸೇತುವೆ ಅದುರಿತು. ಅದು ನಿಂತ ಮೇಲೆ ಅವಳು ಹೇಳಿದಳು, "ಹಾಗಾದ್ರೆ ನಾನು ಹೇಳದೆ ಇದ್ದದ್ದೇ ಸರಿಯಾಯ್ತು."

ನಾನು ಹೌದು ಎಂದೆ.

ಅಜ್ಜಿಗೆ ಕವಾಟದ ವಿಷಯ ಮಾತ್ರ ಗೊತ್ತು, ಉಳಿದದ್ದು ನಮ್ಮ ಮೂವರಲ್ಲೇ ಇರಲಿ. ಹತ್ತು, ಹದಿನೈದು ವರ್ಷಕ್ಕೆ ಕವಾಟ ಪುನಃ ಅಂಟಿಕೊಳ್ಳಬಹುದೆಂದು ಡಾಕ್ಟರರು ಹೇಳಿದ್ದಾರೆ. ಉಮ್ಮನಿಗೂ ಹೇಳಿದ್ದೇನೆ, ಮುಚ್ಚಿಟ್ಟಿಲ್ಲ. ಮದುವೆಗೆ ಮೊದಲು ಬೆಳ್ತಂಗಡಿಯಲ್ಲಿ ತೆಗೆದುಕೊಳ್ಳುತ್ತಿದ್ದು ಆಮೇಲೆ ಬಿಟ್ಟಿದ್ದ ಸೂಜಿ ಮತ್ತೆ ಶುರುವಾಗಿದೆ. ನಾನು ಶಾರ್ಜಾಕ್ಕೆ ಬರುವುದಿಲ್ಲವೆಂದು ಬರೆದು ಹಾಕಿದ್ದೇನೆ. ಮುಂದೇನೆಂದು ಗೊತ್ತಿಲ್ಲ. ಹೆದರಿಕೆ ಹೋಗಲಿಲ್ಲ, ಮಗಳೇ. ಇಷ್ಟು ವರ್ಷ ಅವಳು ಇಲ್ಲಿ ಒಬ್ಬಳೇ, ನಾನು ಅಲ್ಲಿ ಒಬ್ಬನೇ ಹೆದರುತ್ತಿದ್ದೆವು. ಈಗ ಒಂದೇ ಮನೆಯಲ್ಲಿ ಕುಳಿತು ಹೆದರುತ್ತೇವೆ.

ಉಪ್ಪ ಮತ್ತು ಉಮ್ಮ